ಸಂಪಾದಕರ ಉತ್ತರ: ಮನೆಯವರೇ ಮನೆಯವರಿಗೆ ಕೊಡುವ ಪ್ರಶಸ್ತಿ

ಮಾನ್ಯರೇ,

ತಮ್ಮ ನಾಲ್ಕು ಪುಟಗಳ ಪತ್ರ ತಲುಪಿತು. ಸಿಂಗಾಪುರದ ‘ಸ್ಟಾರ್ ಅವಾರ್ಡ್ಸ್’ ಕುರಿತು ಹಿಂದಿನ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು, ಮಗಳ ಮನೆಯಲ್ಲಿದ್ದಾಗ ಆ ಸಮಾರಂಭವನ್ನು ಟಿ.ವಿ.ಯಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡಿದ ತಮ್ಮ ಅನುಭವದೊಂದಿಗೆ ಇಟ್ಟು ನೋಡಿ ತಾವು ಬರೆದಿದ್ದೀರಿ. ಪತ್ರವನ್ನು ಪೂರ್ತಿಯಾಗಿ ಅಚ್ಚು ಹಾಕಲು ಸ್ಥಳವಿಲ್ಲದ್ದರಿಂದ ಅದರ ಸಾರವನ್ನು ಉಳಿದ ಓದುಗರಿಗೆ ತಿಳಿಸಿ ಮುಂದುವರಿಯುತ್ತೇನೆ.

ತಮ್ಮ ಮುಖ್ಯ ಆಕ್ಷೇಪ ಹೀಗಿದೆ: ಒಂದೇ ವಾಹಿನಿಯ ಒಡೆತನದ ಸಂಸ್ಥೆ ತನ್ನದೇ ಧಾರಾವಾಹಿಗಳಿಗೆ, ತನ್ನದೇ ಸಂಬಳದ ಕಲಾವಿದರಿಗೆ, ತನ್ನದೇ ವೇದಿಕೆಯಲ್ಲಿ ಕೊಡುವುದನ್ನು ‘ಪ್ರಶಸ್ತಿ’ ಎಂದು ಕರೆಯುವುದು ಸರಿಯೇ? ಜೀ ಕನ್ನಡದ ಕುಟುಂಬ ಅವಾರ್ಡ್ಸ್, ಕಲರ್ಸ್ ಕನ್ನಡದ ಅನುಬಂಧ ಅವಾರ್ಡ್ಸ್ ನೋಡುವಾಗಲೂ ತಮಗೆ ಇದೇ ಪ್ರಶ್ನೆ ಎದ್ದಿತ್ತೆಂದು ಬರೆದಿದ್ದೀರಿ. ಎರಡನೆಯದಾಗಿ, ‘ಚೀನೀ ತಾರೆಯರ ಹಬ್ಬ’ ಎಂಬ ನಮ್ಮ ಶೀರ್ಷಿಕೆ ಮತ್ತು ‘ಕೆಂಪು ತಾರೆ’ ಎಂಬ ಅದರ ಮೂಲ ಹೆಸರು ಸೇರಿ, ಇದು ಚೀನಾ ಸರ್ಕಾರದ ಪ್ರಶಸ್ತಿ ಎಂದು ತಾವು ತಿಳಿಯುವಂತಾಯಿತು. ಕೊನೆಯದಾಗಿ ಪಕ್ಕದ ಮನೆಯ ಅಜ್ಜಿಯ ಸಂಗತಿ: ಆ ಸಂಜೆ ತಮ್ಮೊಡನೆ ಕುಳಿತು ನೋಡುತ್ತಿದ್ದ ಆಕೆ ಗೆಳತಿಯೊಡನೆ ಫೋನಿನಲ್ಲಿ ಆಡಿದ ಮಾತು ಟಿ.ವಿ.ಯ ಮಾತಿನಂತೆ ಕೇಳಲಿಲ್ಲ, ಮೊಮ್ಮಗ ಆಕೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ, ಇದೇನು ಎಂದು ಕೇಳಿದ್ದೀರಿ.

ಶೀರ್ಷಿಕೆಯ ತಪ್ಪು ನಮ್ಮದು. ಒಪ್ಪಿಕೊಳ್ಳುತ್ತೇವೆ. ‘ಚೀನೀ’ ಎಂಬ ಒಂದೇ ಪದವನ್ನು ದೇಶಕ್ಕೂ ಜನಾಂಗಕ್ಕೂ ಭಾಷೆಗೂ ಬಳಸಿ ನಾವು ಓದುಗರನ್ನು ದಾರಿ ತಪ್ಪಿಸಿದೆವು. ಸ್ಟಾರ್ ಅವಾರ್ಡ್ಸ್ ಸಿಂಗಾಪುರದ ಪ್ರಶಸ್ತಿ. ಅಲ್ಲಿನ ಮೀಡಿಯಾಕಾರ್ಪ್ ಸಂಸ್ಥೆ ಚೀನೀ ಭಾಷೆಯ ಕಾರ್ಯಕ್ರಮಗಳಿಗಾಗಿ 1994ರಿಂದ ನಡೆಸಿಕೊಂಡು ಬಂದಿರುವಂಥದ್ದು. ಅದೇ ಸಂಸ್ಥೆ ಮಲಯ ಕಲಾವಿದರಿಗೆ ‘ಪೆಸ್ತಾ ಪರ್ದಾನಾ’ ಎಂದೂ ತಮಿಳು ಕಲಾವಿದರಿಗೆ ‘ಪ್ರಧಾನ ವಿಳಾ’ ಎಂದೂ ಬೇರೆ ಸಮಾರಂಭಗಳನ್ನು ನಡೆಸುತ್ತದೆ. ಚೀನಾ ದೇಶದ ಕಿರುತೆರೆಗೆ ಗೋಲ್ಡನ್ ಈಗಲ್ ಮುಂತಾದ ತನ್ನವೇ ಪ್ರಶಸ್ತಿಗಳಿವೆ. ತೈವಾನಿಗೆ ಗೋಲ್ಡನ್ ಬೆಲ್ ಇದೆ. ಇನ್ನು ಸ್ಟಾರ್ ಅವಾರ್ಡ್ಸ್‌ನ ಚೀನೀ ಹೆಸರಿನಲ್ಲಿರುವ ‘ಹೊಂಗ್ ಶಿಂಗ್’ ಎಂದರೆ ಅಕ್ಷರಶಃ ಕೆಂಪು ತಾರೆ ಎಂಬುದು ನಿಜವೇ ಆದರೂ ಅದಕ್ಕೆ ರಾಜಕೀಯದ ಸೋಂಕಿಲ್ಲ. ಚೀನೀ ಭಾಷೆಯಲ್ಲಿ ಒಬ್ಬ ನಟ ‘ಕೆಂಪಾದ’ ಎಂದರೆ ಹೆಸರು ಮಾಡಿದ, ಜನರ ಬಾಯಲ್ಲಿ ನಿಂತ ಎಂದೇ ಅರ್ಥ. ಆ ವೇದಿಕೆಗೆ ಬರುವವರೆಲ್ಲರೂ ಸಿಂಗಾಪುರದಲ್ಲೇ ಹುಟ್ಟಿದವರೂ ಅಲ್ಲ. ಅಲ್ಲಿನ ನಟ ಕ್ರಿಸ್ಟೋಫರ್ ಲೀ ಮಲೇಷ್ಯಾದ ಮಲಕ್ಕಾದವರು, ಇನ್ನೊಬ್ಬ ನಟ ಚಿ ಯುವೂ ಚೀನಾದ ಗುವಾಂಗ್‌ಝೌ ನಗರದವರು. ಅವರನ್ನು ಒಂದೆಡೆ ಸೇರಿಸಿರುವುದು ಭಾಷೆ. ಹಾಗಾಗಿ ‘ಚೀನೀ ಭಾಷೆಯ ಕಲಾವಿದರ ಪ್ರಶಸ್ತಿ’ ಎಂದೇ ನಾವು ಬರೆಯಬೇಕಿತ್ತು.

ಈಗ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ತಾವು ಹೇಳಿರುವುದು ವಾಸ್ತವ. ಪ್ರಶಸ್ತಿ ಕೊಡುವವರೂ ಪಡೆಯುವವರೂ ಒಂದೇ ಮನೆಯವರು. ಆ ಮನೆಯ ಒಡೆತನವೂ ಸರ್ಕಾರಿ ಹೂಡಿಕೆ ಸಂಸ್ಥೆಯಾದ ಟೆಮಾಸೆಕ್‌ನ ಕೈಯಲ್ಲಿದೆ. ಆದರೆ ನಮ್ಮ ವಾಹಿನಿಗಳ ಸಮಾರಂಭಗಳೊಂದಿಗೆ ಹೋಲಿಸುವಾಗ ಒಂದು ವ್ಯತ್ಯಾಸವನ್ನು ಗಮನಿಸಬೇಕೆಂದು ವಿನಂತಿ. ಕನ್ನಡದಲ್ಲಿ ಹಲವು ಮನರಂಜನಾ ವಾಹಿನಿಗಳು ಪೈಪೋಟಿಯಲ್ಲಿವೆ, ಒಂದೊಂದೂ ತನ್ನ ಬಳಗವನ್ನಷ್ಟೇ ಸನ್ಮಾನಿಸುತ್ತದೆ, ಹಾಗಾಗಿ ನೋಡುಗರಿಗೆ ಆ ವರ್ಷದ ಕನ್ನಡ ಕಿರುತೆರೆಯ ಇಡೀ ಚಿತ್ರ ಯಾವುದೊಂದು ಸಂಜೆಯಲ್ಲೂ ಸಿಗುವುದಿಲ್ಲ. ಸಿಂಗಾಪುರದಲ್ಲಿ ಎರಡನೆಯ ಮನೆಯೇ ಇಲ್ಲ. ಇದ್ದ ಕಾಲವೊಂದಿತ್ತು: 2001ರಲ್ಲಿ ಪತ್ರಿಕೋದ್ಯಮದ ದೊಡ್ಡ ಸಂಸ್ಥೆಯೊಂದು ‘ಚಾನೆಲ್ ಯು’ ಎಂಬ ಎರಡನೆಯ ಚೀನೀ ವಾಹಿನಿಯನ್ನು ಆರಂಭಿಸಿ, ತನ್ನ ಕಲಾವಿದರನ್ನು ಕಟ್ಟಿಕೊಂಡು, ಮೀಡಿಯಾಕಾರ್ಪ್‌ನ ಹಳೆಯ ಚಾನೆಲ್ 8ಕ್ಕೆ ಸಾಟಿಯಾಗಿ ನಿಂತಿತು. ಅಷ್ಟು ಚಿಕ್ಕ ಮಾರುಕಟ್ಟೆ ಇಬ್ಬರನ್ನು ಸಾಕಲಾರದೆ ಹೋಯಿತು. 2004ರ ಕೊನೆಗೆ ಎರಡೂ ಒಂದಾದವು. ಆಮೇಲಿನ ಸ್ಟಾರ್ ಅವಾರ್ಡ್ಸ್ ಒಂದು ಮನೆಯದೂ ಹೌದು, ಆ ಊರಿನ ಚೀನೀ ಕಿರುತೆರೆಯ ಬಹುಪಾಲೂ ಹೌದು.

ಇದರಿಂದ ಪಕ್ಷಪಾತದ ಅನುಮಾನ ಹೋಗುವುದಿಲ್ಲ ಎಂದು ತಾವು ಹೇಳಬಹುದು. ನಿಜ, ಹೋಗುವುದಿಲ್ಲ. ಅಲ್ಲಿ ಎರಡು ಬಗೆಯ ಗೌರವಗಳಿವೆಯೆಂಬುದನ್ನು ನಮ್ಮ ಲೇಖನ ಸ್ಪಷ್ಟವಾಗಿ ಹೇಳಿರಲಿಲ್ಲ. ಉತ್ತಮ ನಟ, ಉತ್ತಮ ನಟಿ, ಉತ್ತಮ ಪೋಷಕ ಪಾತ್ರ, ಉತ್ತಮ ಧಾರಾವಾಹಿ ಇವೆಲ್ಲ ತೀರ್ಪುಗಾರರಿಗೆ ಬಿಟ್ಟದ್ದು. ‘ಅತ್ಯಂತ ಜನಪ್ರಿಯ ಹತ್ತು ಕಲಾವಿದರು’ ಎಂದು ಗಂಡಸರಲ್ಲಿ ಹತ್ತು, ಹೆಂಗಸರಲ್ಲಿ ಹತ್ತು ಜನರನ್ನು ಆರಿಸುವುದು ಜನರಿಗೆ ಬಿಟ್ಟದ್ದು. ಮೊದಲ ಬಗೆಯಲ್ಲಿ ತೀರ್ಪುಗಾರರು ಪ್ರಚಾರದ ಬೆನ್ನು ಹತ್ತದ ನಿದರ್ಶನಗಳಿವೆ. 2008ರ ಕೊನೆಯಲ್ಲಿ ಪ್ರಸಾರವಾಗಿ ಮನೆಮಾತಾದ ‘ದ ಲಿಟಲ್ ನ್ಯೋನ್ಯಾ’ ಧಾರಾವಾಹಿಯಲ್ಲಿ ತಾಯಿ ಮತ್ತು ಮಗಳ ಎರಡೂ ಪಾತ್ರಗಳನ್ನು ನಿರ್ವಹಿಸಿ ಕಥೆಯನ್ನು ಹೊತ್ತವರು ಜೀನೆಟ್ ಆವ್. 2009ರ ಉತ್ತಮ ನಟಿ ಪ್ರಶಸ್ತಿ ಸಂದದ್ದು ಅದೇ ಧಾರಾವಾಹಿಯ ಮತ್ತೊಬ್ಬ ನಟಿ ಜೋವಾನ್ ಪೆಹ್ ಅವರಿಗೆ. ಆ ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಮುಖ್ಯ ಪಾತ್ರಕ್ಕೇ ಹಾರ ಹಾಕಿ ಮುಗಿಸುವ ಸುಲಭದ ದಾರಿಯನ್ನು ಅವರು ಹಿಡಿಯಲಿಲ್ಲವೆಂಬುದನ್ನಷ್ಟೇ ಇಲ್ಲಿ ಹೇಳುತ್ತಿದ್ದೇನೆ.

ಜನಮತದ ಬಗ್ಗೆ ತಮಗಿರುವ ಅಳುಕು ನನಗೂ ಇದೆ. ಫೋನ್ ಕರೆಗೆ ಹಣ ತೆತ್ತು ಮತ ಹಾಕುವ ವ್ಯವಸ್ಥೆಯಲ್ಲಿ ಅಭಿಮಾನಕ್ಕಿಂತ ಜೇಬು ಗೆಲ್ಲುವ ಅಪಾಯವಿದ್ದೇ ಇದೆ. ಇದನ್ನು ತಡೆಯಲೆಂದೇ ಹಲವು ವರ್ಷ ಮತಗಳಿಗೆ ಅರ್ಧ ತೂಕವನ್ನಷ್ಟೇ ಕೊಟ್ಟು, ಉಳಿದರ್ಧವನ್ನು ಬೇರೆ ಬೇರೆ ವಯಸ್ಸು ಮತ್ತು ವರ್ಗಗಳ ಜನರ ನಡುವೆ ನಡೆಸಿದ ಸಮೀಕ್ಷೆಗೆ ಬಿಟ್ಟಿದ್ದರು. ಹೀಗೆ ಮಾಡಿದಾಗ ಮತ ಹಾಕುವ ಗೊಡವೆಗೇ ಹೋಗದ, ಆದರೆ ಪ್ರತಿ ರಾತ್ರಿ ತಪ್ಪದೆ ನೋಡುವ ಹಿರಿಯರ ಅಭಿಪ್ರಾಯಕ್ಕೂ ಬೆಲೆ ಬರುತ್ತದೆ.

ಆದರೆ ಆ ಸಮಾರಂಭದಲ್ಲಿ ನನ್ನ ಮನಸ್ಸನ್ನು ನಿಜವಾಗಿ ಹಿಡಿದದ್ದು ಬೇರೊಂದು ನಿಯಮ. ಇಡೀ ಲೇಖನವನ್ನು ನಾನು ಒಪ್ಪಿಕೊಂಡದ್ದೇ ಅದರಿಂದಾಗಿ. ಜನಪ್ರಿಯ ಹತ್ತರ ಪಟ್ಟಿಯಲ್ಲಿ ಹತ್ತು ಸಲ ಗೆದ್ದ ಕಲಾವಿದರಿಗೆ ‘ಸಾರ್ವಕಾಲಿಕ ಮೆಚ್ಚಿನ ಕಲಾವಿದ’ ಎಂಬ ಗೌರವ ಸಲ್ಲುತ್ತದೆ. ಅದಾದ ಮೇಲೆ ಅವರು ಆ ಸ್ಪರ್ಧೆಗೆ ಮತ್ತೆ ಬರುವಂತಿಲ್ಲ. 1988ರ ಪ್ರತಿಭಾನ್ವೇಷಣೆಯಲ್ಲಿ ಗೆದ್ದು ಬಂದು, ದಶಕಗಳ ಕಾಲ ಆ ಕಿರುತೆರೆಯ ಮಹಾರಾಣಿ ಎನಿಸಿಕೊಂಡ ಝೋಯಿ ಟೇ ಅವರೂ, ಅವರ ನಂತರದ ಪೀಳಿಗೆಯ ಫಾನ್ ವಾಂಗ್ ಅವರೂ ಹೀಗೆಯೇ ಪಟ್ಟಿಯಿಂದಾಚೆ ಬಂದವರು. ಇದರಲ್ಲಿ ಎರಡು ಕೆಲಸಗಳು ಒಟ್ಟಿಗೆ ಆಗುತ್ತವೆ. ವರ್ಷಗಟ್ಟಲೆ ದುಡಿದವರಿಗೆ ಎಣಿಕೆಯ ಗೌರವ ಸಿಗುತ್ತದೆ: ಯಾರೋ ಒಬ್ಬ ಅಧಿಕಾರಿಗೆ ಇಷ್ಟವಾದರೆಂದು ಕೊಟ್ಟದ್ದಲ್ಲ, ಒಂದೊಂದೇ ವರ್ಷವನ್ನು ಕೂಡಿಸಿ ಗಳಿಸಿಕೊಂಡದ್ದು. ಜೊತೆಗೇ ಒಂದು ಕುರ್ಚಿ ಖಾಲಿಯಾಗಿ, ನಿನ್ನೆ ಮೊನ್ನೆ ಬಂದ ಹುಡುಗಿಗೋ ಹುಡುಗನಿಗೋ ಜಾಗ ಸಿಗುತ್ತದೆ. ಜನಪ್ರಿಯತೆಯಲ್ಲಿ ಹಿರಿಯರೊಡನೆ ಎಂದೂ ಗೆಲ್ಲಲಾಗದ ಹೊಸಬರಿಗೆ ಇದಕ್ಕಿಂತ ನ್ಯಾಯವಾದ ಬಾಗಿಲನ್ನು ನಾನು ಬೇರೆ ಯಾವ ಪ್ರಶಸ್ತಿಯಲ್ಲೂ ಕಂಡಿಲ್ಲ. ತಾವು ಹೇಳಿದ ನಮ್ಮ ಸಮಾರಂಭಗಳಿಗೂ ಇಂಥದೊಂದು ನಿಯಮ ಬಂದರೆ, ಅವು ಒಂದೊಂದು ಮನೆಯವೇ ಆಗಿ ಉಳಿದರೂ ನಾನು ಸಂತೋಷದಿಂದ ಬರೆಯುತ್ತೇನೆ. ಮನೆಯವರೇ ಕೊಟ್ಟದ್ದು ಎಂಬುದಕ್ಕಿಂತ ಯಾವ ಲೆಕ್ಕದ ಮೇಲೆ ಕೊಟ್ಟದ್ದು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ನಡೆಸುವವರಿಗೂ ಈ ಸಮಾರಂಭದ ಬೆಲೆ ಗೊತ್ತಿದೆ. ಕೊರೊನಾ ಕಾಲದಲ್ಲಿ 2020ರ ಸಮಾರಂಭ ನಡೆಯದೆ ಹೋಗಿ, 2021ರ ಏಪ್ರಿಲ್‌ನಲ್ಲಿ ಅದನ್ನು ಪ್ರಯಾಣಿಕರಿಲ್ಲದೆ ಬಣಗುಟ್ಟುತ್ತಿದ್ದ ಚಾಂಗಿ ವಿಮಾನ ನಿಲ್ದಾಣದಲ್ಲಿ ನಡೆಸಿದರು. ಸುಮ್ಮನೆ ಬಿಟ್ಟಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಇನ್ನು ಪಕ್ಕದ ಮನೆಯ ಅಜ್ಜಿಯ ಮಾತು. ತಾವು ಇದನ್ನು ಪತ್ರದ ಕೊನೆಯಲ್ಲಿ ಎರಡೇ ಸಾಲುಗಳಲ್ಲಿ ಕೇಳಿದ್ದೀರಿ, ಆದರೆ ಈ ಪ್ರಶಸ್ತಿಯ ಹಿಂದಿರುವ ಕಥೆಯೆಲ್ಲ ಆ ಎರಡು ಸಾಲುಗಳಲ್ಲಿದೆ. ಸಿಂಗಾಪುರದ ಚೀನೀ ಜನರ ಪೂರ್ವಜರು ಹೆಚ್ಚಾಗಿ ದಕ್ಷಿಣ ಚೀನಾದ ಕರಾವಳಿಯಿಂದ ಬಂದವರು. ಅವರ ಮನೆಮಾತು ಹೊಕ್ಕಿಯೆನ್, ಟಿಯೊಚ್ಯೂ, ಕ್ಯಾಂಟನೀಸ್, ಹಕ್ಕಾ, ಹೈನಾನೀಸ್. ಇವನ್ನು ಅಲ್ಲಿ ‘ಉಪಭಾಷೆ’ಗಳೆನ್ನುತ್ತಾರೆ, ಆದರೆ ಹೊಕ್ಕಿಯೆನ್ ಆಡುವವರಿಗೆ ಕ್ಯಾಂಟನೀಸ್ ಕಲಿಯದೆ ಅರ್ಥವಾಗುವುದಿಲ್ಲ, ತುಳುವನ್ನೂ ಕೊಡವವನ್ನೂ ಕನ್ನಡದ ಉಪಭಾಷೆಗಳೆಂದರೆ ಎಷ್ಟು ತಪ್ಪೋ ಅಷ್ಟೇ ತಪ್ಪು ಆ ಹೆಸರಿನಲ್ಲಿದೆ. ತಾವು ಟಿ.ವಿ.ಯಲ್ಲಿ ಕೇಳಿದ್ದು ಮ್ಯಾಂಡರಿನ್, ಚೀನಾದ ಅಧಿಕೃತ ಭಾಷೆ; ಅದು ಅವರಲ್ಲಿ ಬಹಳ ಜನರಿಗೆ ಶಾಲೆಯ ಭಾಷೆಯಾಗಿತ್ತು. 1979ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಲೀ ಕುವಾನ್ ಯೂ ‘ಮ್ಯಾಂಡರಿನ್ ಮಾತನಾಡಿ’ ಆಂದೋಲನವನ್ನು ಆರಂಭಿಸಿದಾಗ, ಮ್ಯಾಂಡರಿನ್ ಹೆಚ್ಚಾಗಿ ಆಡಿ, ಉಪಭಾಷೆ ಕಡಿಮೆ ಮಾಡಿ ಎಂಬುದೇ ಅದರ ಮೊದಲ ಘೋಷಣೆಯಾಗಿತ್ತು. ಆಗಿನ ಚೀನೀ ಮನೆಗಳಲ್ಲಿ ಹತ್ತರಲ್ಲಿ ಎಂಟರಷ್ಟು ಈ ನುಡಿಗಳನ್ನೇ ಆಡುತ್ತಿದ್ದವು.

ಆಂದೋಲನ ಟಿ.ವಿ. ಮತ್ತು ರೇಡಿಯೋಗಳನ್ನು ಬಿಡಲಿಲ್ಲ. ಹಾಂಕಾಂಗ್‌ನಿಂದ ಬರುತ್ತಿದ್ದ ಕ್ಯಾಂಟನೀಸ್ ಧಾರಾವಾಹಿಗಳನ್ನು ಮ್ಯಾಂಡರಿನ್‌ಗೆ ಡಬ್ ಮಾಡಿ ತೋರಿಸತೊಡಗಿದರು. ಉಪಭಾಷೆಗಳಲ್ಲಿ ಕಥೆ ಹೇಳುತ್ತಿದ್ದ ಜನಪ್ರಿಯ ರೇಡಿಯೋ ಕಾರ್ಯಕ್ರಮಗಳು ನಿಂತುಹೋದವು. ಹೀಗೆ ತೆರವಾದ ಜಾಗದಲ್ಲಿ ಸಿಂಗಾಪುರ ತನ್ನದೇ ಮ್ಯಾಂಡರಿನ್ ಧಾರಾವಾಹಿಗಳನ್ನು ಕಟ್ಟಲು ಹೊರಟಿತು. 1982ರಲ್ಲಿ ಮೊದಲ ಸ್ಥಳೀಯ ಚೀನೀ ನಾಟಕ ಬಂತು, 1984ರಲ್ಲಿ ವಲಸೆ ಬಂದವರ ಬದುಕನ್ನು ಹೇಳುವ ‘ದಿ ಅವೇಕನಿಂಗ್’ ಬಂತು. ಅದರಲ್ಲಿ ಜೋಡಿಯಾಗಿ ಅಭಿನಯಿಸಿದ ಶಿಯಾಂಗ್ ಯುನ್ ಮತ್ತು 2013ರಲ್ಲಿ ತೀರಿಕೊಂಡ ಹುವಾಂಗ್ ವೆನ್‌ಯೊಂಗ್ ಅವರನ್ನು ಆ ತಲೆಮಾರಿನವರು ಇಂದಿಗೂ ಮನೆಯವರಂತೆ ನೆನೆಯುತ್ತಾರೆ. ಟಿ.ವಿ.ಯ ಮುಂದೆ ಕುಳಿತು, ಈ ನಟನಟಿಯರ ಬಾಯಿಂದ, ತಮ್ಮದಲ್ಲದ ಒಂದು ಭಾಷೆಯನ್ನು ತಮ್ಮದಾಗಿಸಿಕೊಂಡ ಲಕ್ಷಾಂತರ ಜನರಲ್ಲಿ ತಮ್ಮ ನೆರೆಮನೆಯಾಕೆಯೂ ಒಬ್ಬರಿರಬಹುದು. ಮೇಲೆ ಹೇಳಿದ ‘ಲಿಟಲ್ ನ್ಯೋನ್ಯಾ’ದ ಕಥೆ ನಡೆಯುವುದು ಬಹಳ ಹಿಂದೆಯೇ ವಲಸೆ ಬಂದು ನೆಲೆಸಿದ ಚೀನೀಯರ ವಂಶದ, ಮಲಯ ಮತ್ತು ಹೊಕ್ಕಿಯೆನ್ ಬೆರೆತ ಮಾತನ್ನಾಡುತ್ತಿದ್ದ ಪೆರಾನಕನ್ ಮನೆತನಗಳಲ್ಲಿ, ತೆರೆಯ ಮೇಲೆ ಅವರೆಲ್ಲ ನಿರರ್ಗಳ ಮ್ಯಾಂಡರಿನ್ ಆಡುತ್ತಾರೆ. ಆ ಧಾರಾವಾಹಿಯನ್ನು ನಾನು ಮೆಚ್ಚಿದವನು. ಆದರೂ ಅಜ್ಜಿಯಂದಿರ ಬಾಯಿಂದ ಅವರ ಮಾತನ್ನೇ ತೆಗೆದಿಟ್ಟು ಅವರ ಉಡುಗೆ, ಅಡುಗೆಗಳನ್ನು ಮಾತ್ರ ತೋರಿಸಿದ್ದು ಪ್ರತಿ ಕಂತಿನಲ್ಲೂ ನನ್ನನ್ನು ನೋಯಿಸಿತು.

ಮೊಮ್ಮಗ ಇಂಗ್ಲಿಷಿನಲ್ಲಿ ಉತ್ತರಿಸುವುದು ಇದರ ಮುಂದಿನ ಅಧ್ಯಾಯ. ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ ಯಾವುದೆಂದು ಸಿಂಗಾಪುರದ ಜನಗಣತಿ ಕೇಳುತ್ತದೆ. 2010ರಲ್ಲಿ ಮ್ಯಾಂಡರಿನ್ ಎಂದವರು ಶೇ 35.6, ಇಂಗ್ಲಿಷ್ ಎಂದವರು ಶೇ 32.3. 2020ರಲ್ಲಿ ಇಂಗ್ಲಿಷ್ ಶೇ 48.3ಕ್ಕೆ ಏರಿ, ಮ್ಯಾಂಡರಿನ್ ಶೇ 29.9ಕ್ಕೆ ಇಳಿಯಿತು, ಹಳೆಯ ನುಡಿಗಳೆಲ್ಲ ಸೇರಿ ಉಳಿದದ್ದು ಶೇ 8.7. ಮ್ಯಾಂಡರಿನ್‌ಗಾಗಿ ಹೊಕ್ಕಿಯೆನ್ ಬಿಟ್ಟವರ ಮೊಮ್ಮಕ್ಕಳು ಈಗ ಇಂಗ್ಲಿಷಿಗಾಗಿ ಮ್ಯಾಂಡರಿನ್ ಬಿಡುತ್ತಿದ್ದಾರೆ. ಇಂಥ ಊರಿನಲ್ಲಿ ವರ್ಷಕ್ಕೊಂದು ಸಂಜೆ ಅಜ್ಜಿ, ಮಗಳು, ಮೊಮ್ಮಗ ಮೂವರೂ ಒಂದೇ ಭಾಷೆಯ ಹೆಸರುಗಳನ್ನು ಕೂಗಿ, ಯಾರು ಗೆಲ್ಲುತ್ತಾರೆಂದು ಜಗಳವಾಡುತ್ತಾರಾದರೆ, ಅದನ್ನು ಒಂದು ಕಂಪನಿಯ ಜಾಹೀರಾತು ಎಂದಷ್ಟೇ ಹೇಳಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ಆ ವೇದಿಕೆಯಲ್ಲಿ ಅಜ್ಜಿಯ ನುಡಿಗೆ ಜಾಗವಿದೆಯೇ ಎಂದರೆ, ಈಗಲೂ ಬಹಳ ಕಡಿಮೆ. 2016ರಲ್ಲಿ ಚಾನೆಲ್ 8 ‘ಈಟ್ ಆಲ್ರೆಡಿ?’ ಎಂಬ ಹೊಕ್ಕಿಯೆನ್ ಕಿರು ಧಾರಾವಾಹಿಯನ್ನು ಪ್ರಸಾರ ಮಾಡಿತು. ಹಿರಿಯರಿಗೆ ಸರ್ಕಾರಿ ಸೌಲಭ್ಯಗಳ ಮಾಹಿತಿಯನ್ನು ಅವರಿಗೆ ತಿಳಿಯುವ ಮಾತಿನಲ್ಲೇ ತಲುಪಿಸುವುದು ಅದರ ಉದ್ದೇಶವಾಗಿತ್ತು. ‘ಊಟ ಆಯ್ತಾ?’ ಎಂದು ನಾವು ಮಾತು ಶುರುಮಾಡುವಂತೆಯೇ ಅವರೂ ಶುರುಮಾಡುತ್ತಾರೆ, ಹೆಸರು ಅದರಿಂದಲೇ ಬಂದದ್ದು. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಆ ವಾಹಿನಿಯಲ್ಲಿ ಹೊಕ್ಕಿಯೆನ್‌ನಲ್ಲೇ ಒಂದು ಕಥೆ ಬಂದಿತ್ತು.

ತಮ್ಮ ನೆರೆಮನೆಯಾಕೆ ಆಡುವುದು ಹೊಕ್ಕಿಯೆನ್ನೋ ಟಿಯೊಚ್ಯೂವೋ ಪತ್ರದಿಂದ ತಿಳಿಯಲಿಲ್ಲ. ಮುಂದಿನ ಸಲ ಮಗಳ ಮನೆಗೆ ಹೋದಾಗ ದಯವಿಟ್ಟು ಕೇಳಿ ನೋಡಿ. 1979ಕ್ಕೆ ಮೊದಲು ಆಕೆ ಟಿ.ವಿ.ಯಲ್ಲಿ ಏನನ್ನು, ಯಾವ ಮಾತಿನಲ್ಲಿ ನೋಡುತ್ತಿದ್ದರು ಎಂಬುದನ್ನೂ ಕೇಳಿ. ಆಕೆಯ ಒಪ್ಪಿಗೆಯಿದ್ದರೆ ಬರೆದು ಕಳಿಸಿ, ಪ್ರಕಟಿಸುತ್ತೇವೆ. ಈ ಬಾರಿ ಶೀರ್ಷಿಕೆಯನ್ನು ತಮಗೆ ತೋರಿಸಿಯೇ ಅಚ್ಚಿಗೆ ಕೊಡುತ್ತೇವೆ.

ವಂದನೆಗಳೊಂದಿಗೆ,
ಸಂಪಾದಕ