ಒಎಚ್‌ಎಲ್‌ಗೆ ಸಹಿ ಹಾಕಿದರೆ ಕಾಲೇಜು ಹಾಕಿ ತಪ್ಪುತ್ತದಾ?

ಮಗ ಒಎಚ್‌ಎಲ್‌ಗೆ, ಅಂದರೆ ಹದಿಹರೆಯದವರ ಐಸ್ ಹಾಕಿ ಲೀಗ್ ಆದ ಒಂಟಾರಿಯೊ ಹಾಕಿ ಲೀಗ್‌ಗೆ ಸಹಿ ಹಾಕಿದರೆ ಮುಂದೆ ಅಮೆರಿಕದ ಕಾಲೇಜು ತಂಡದಲ್ಲಿ ಆಡಲಾಗಲ್ಲ ಅಂತ ಯಾರೋ ಹೇಳಿದರು ಅಂದಿರಿ. ಹಾಗೆ ಹೇಳಿದವರು ಹಳೇ ನಿಯಮ ನೋಡಿ ಹೇಳಿರಬೇಕು. ಮುಂಚೆ ಒಎಚ್‌ಎಲ್‌ನಲ್ಲಿ ಒಂದು ಪಂದ್ಯ ಆಡಿದರೂ ಅಮೆರಿಕದ ಕಾಲೇಜು ತಂಡಗಳ ದಾರಿ ಕಷ್ಟವಾಗುತ್ತಿತ್ತು. 2024ರ ನವೆಂಬರ್‌ನಲ್ಲಿ ಅಲ್ಲಿನ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ ಅದನ್ನು ಬದಲಿಸಿತು. 2025ರ ಆಗಸ್ಟ್ 1ರಿಂದ ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ 1ರಲ್ಲಿ ಒಎಚ್‌ಎಲ್‌ನಲ್ಲಿ ಆಡಿದವರೂ ಆಡಬಹುದು.

ಈಗ ಹುಡುಗರು ಎಡವುವುದು ಜಾಸ್ತಿ ಓದಿನಲ್ಲೇ. ಹಾಗಾಗಿ ಮೊದಲು ಶಾಲೆಯ ಕೌನ್ಸೆಲರ್ ಹತ್ತಿರ ಹೋಗಿ. 16 ಕೋರ್ ಕೋರ್ಸ್ (ಎನ್‌ಸಿಎಎ ಒಪ್ಪುವ ಮುಖ್ಯ ವಿಷಯಗಳು) ಬೇಕು, ಅವುಗಳಲ್ಲಿ ಜಿಪಿಎ, ಅಂದರೆ ಸರಾಸರಿ ಗ್ರೇಡ್, 4ಕ್ಕೆ ಕನಿಷ್ಠ 2.3. ಅದರಲ್ಲೂ 10 ಕೋರ್ಸ್ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಮುಂಚೆಯೇ ಮುಗಿದಿರಬೇಕು. ಎಲ್ಲ ವಿಷಯವೂ ಲೆಕ್ಕಕ್ಕೆ ಬರಲ್ಲ. ಮಗನ ಅಂಕಪಟ್ಟಿ ಮುಂದಿಟ್ಟುಕೊಂಡು ಒಂದೊಂದೇ ಗುರುತು ಹಾಕಿಸಿ. ಅರ್ಹತೆ ನೋಡುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಖಾತೆಯನ್ನೂ ತೆರೆದುಬಿಡಿ.

ಆಮೇಲೆ ಒಎಚ್‌ಎಲ್ ತಂಡದವರನ್ನು ಕೇಳಿ: ಮೊದಲ ವರ್ಷ ಯಾವ ಲೈನ್‌ನಲ್ಲಿ (ಸರದಿಯಲ್ಲಿ ಒಟ್ಟಿಗೆ ಇಳಿಯುವ ಆಟಗಾರರ ಗುಂಪು) ಆಡಿಸ್ತೀರಿ? ಓದಿನ ಖರ್ಚು ಎಷ್ಟು ವರ್ಷ ಕೊಡ್ತೀರಿ? ವೃತ್ತಿಪರ (ಪ್ರೊ) ಒಪ್ಪಂದ ಮಾಡಿಕೊಂಡರೆ ಅದು ಉಳಿಯುತ್ತಾ? ಬಾಯಿಮಾತು ಸಾಲದು, ಬರಹದಲ್ಲೇ ತಗೊಳ್ಳಿ.

ಮಗನ ಆಟ ನೋಡದೆ ಯಾವುದು ಸರಿ ಅಂತ ನಾನು ಹೇಳಲಾರೆ. ಆದರೆ 16ರ ಹುಡುಗ ಸುಮ್ನೆ ಬೆಂಚಲ್ಲಿ ಕೂರುವ ಹಾಗಿದ್ದರೆ, ಇನ್ನೊಂದು ವರ್ಷ ಒಎಚ್‌ಎಲ್‌ಗಿಂತ ಕೆಳಗಿನ ಹಂತದ ಜೂನಿಯರ್ ಎ ತಂಡದಲ್ಲಿ ಆಡಲಿ. ಅಲ್ಲಿ ಶುಲ್ಕ ಎಷ್ಟು ಅಂತ ಮೊದಲೇ ವಿಚಾರಿಸಿ.