ಧ್ರುವ ಸಾಗರದ ವಿಜ್ಞಾನಿ ವರ್ಷವಿಡೀ ಮಾಡುವುದೇನು?

ಪ್ರಶ್ನೆ: ನನ್ನ ಮಗಳು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದಾಳೆ. ಧ್ರುವ ಪ್ರದೇಶದ ಸಾಗರಗಳ ಸಂಶೋಧನೆ ಮಾಡಬೇಕೆಂಬುದು ಅವಳ ಆಸೆ. ಎರಡು ತಿಂಗಳು ಹಡಗಿನಲ್ಲಿ ಹೋಗಿ ಬಂದ ಮೇಲೆ ಉಳಿದ ಹತ್ತು ತಿಂಗಳು ಇಂಥ ಹಿರಿಯ ವಿಜ್ಞಾನಿಗಳಿಗೆ ಏನು ಕೆಲಸವಿರುತ್ತದೆ? ಇದನ್ನೇ ನಂಬಿ ಬದುಕು ಕಟ್ಟಿಕೊಳ್ಳಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ತಂದೆಯಾದವರಿಗೆ ಎರಡನೆಯ ಪ್ರಶ್ನೆಯೇ ಮುಖ್ಯವಾದ್ದರಿಂದ ಅದನ್ನು ಮೊದಲು ಮುಗಿಸುತ್ತೇನೆ. ಕೇಂದ್ರದ ಭೂ ವಿಜ್ಞಾನ ಸಚಿವಾಲಯದ ಅಡಿಯಲ್ಲಿರುವ ಸಂಸ್ಥೆಗಳಲ್ಲಿ ಧ್ರುವ ಸಂಶೋಧನೆಗೆಂದೇ ಮೀಸಲಾಗಿರುವುದು ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಇಂಥ ಕಡೆ ವಿಜ್ಞಾನಿ ‘ಬಿ’ ದರ್ಜೆಗೆ ಸೇರಿದವರ ಮೂಲವೇತನ 7ನೇ ವೇತನ ಆಯೋಗದ ಲೆಕ್ಕದಲ್ಲಿ ತಿಂಗಳಿಗೆ 56,100 ರೂಪಾಯಿಯಿಂದ ಆರಂಭವಾಗುತ್ತದೆ. ಮೇಲಿನ ಹುದ್ದೆ ಖಾಲಿಯಾಗಲೆಂದು ಬಡ್ತಿಗೆ ಕಾಯಬೇಕಾಗಿಲ್ಲ. ನಿಗದಿತ ಸೇವಾವಧಿ ಮುಗಿದ ಮೇಲೆ ಕೆಲಸದ ಮೌಲ್ಯಮಾಪನ ಮತ್ತು ಸಂದರ್ಶನದ ಆಧಾರದಲ್ಲಿ ಅದು ದೊರೆಯುತ್ತದೆ. ‘ಬಿ’ಯಿಂದ ‘ಸಿ’ಗೆ 3 ವರ್ಷ, ಮುಂದಿನ ಎರಡು ಮೆಟ್ಟಿಲುಗಳಿಗೆ ತಲಾ 4 ವರ್ಷ. ಅಂದರೆ ‘ಇ’ ದರ್ಜೆಗೆ, ಹೊರಗಿನವರು ಹಿರಿಯ ವಿಜ್ಞಾನಿ ಎಂದು ಕರೆಯುವ ಮಟ್ಟಕ್ಕೆ, ಏರಲು ಕನಿಷ್ಠ 11 ವರ್ಷ ಬೇಕು. ಕಷ್ಟವಿರುವುದು ಅದಕ್ಕೂ ಹಿಂದಿನ ವರ್ಷಗಳಲ್ಲಿ. ನೆಟ್ ಅಥವಾ ಗೇಟ್ ಬರೆದು ಫೆಲೋಶಿಪ್ ಪಡೆದು, ಪಿಎಚ್‌.ಡಿ. ಮುಗಿಸಿ, ನಂತರ ವರ್ಷ ವರ್ಷಕ್ಕೆ ನವೀಕರಣಗೊಳ್ಳುವ ಯೋಜನಾ ಹುದ್ದೆಗಳಲ್ಲಿ ದುಡಿಯುವ ಕಾಲದಲ್ಲಿ ಮನೆಯವರ ತಾಳ್ಮೆ ನಿಜವಾಗಿ ಪರೀಕ್ಷೆಗೊಳಗಾಗುತ್ತದೆ. ಅದಕ್ಕೆ ನೀವು ಸಿದ್ಧರಿದ್ದರೆ ಉಳಿದುದು ಅಷ್ಟು ಕಷ್ಟವಲ್ಲ.

ಇನ್ನು ಹತ್ತು ತಿಂಗಳ ಕೆಲಸ. ಇದು ಅರ್ಥವಾಗಬೇಕಾದರೆ ಧ್ರುವ ಸಾಗರದ ಒಂದು ಗುಣವನ್ನು ತಿಳಿದಿರಬೇಕು. ನಮ್ಮ ಕಾರವಾರದ ಕಡಲಿನಂಥ 28 ಡಿಗ್ರಿಯ ನೀರು ಒಂದು ಡಿಗ್ರಿ ಬಿಸಿಯಾದರೆ ಗಮನಾರ್ಹವಾಗಿ ಹಿಗ್ಗಿ ಹಗುರವಾಗುತ್ತದೆ. ಘನೀಭವಿಸುವ ಮಟ್ಟಕ್ಕೆ, ಅಂದರೆ ಸೊನ್ನೆಗಿಂತ ಸುಮಾರು 1.8 ಡಿಗ್ರಿ ಕೆಳಕ್ಕೆ, ಬಂದ ಕಡಲನೀರು ಅಷ್ಟೇ ಬಿಸಿಯಾದರೆ ಹಿಗ್ಗುವುದು ಅದರ ಹತ್ತನೇ ಒಂದು ಪಾಲಿನಷ್ಟು ಮಾತ್ರ. ಹೀಗಾಗಿ ಅಲ್ಲಿ ಯಾವ ನೀರು ಮುಳುಗಬೇಕು, ಯಾವುದು ತೇಲಬೇಕು ಎಂಬುದನ್ನು ಬಹುಮಟ್ಟಿಗೆ ಉಪ್ಪೇ ತೀರ್ಮಾನಿಸುತ್ತದೆ. ಅಂಟಾರ್ಕ್ಟಿಕದ ಒಳನಾಡಿನಿಂದ ಬೀಸುವ ಗಾಳಿ ತೀರದ ಹಿಮವನ್ನು ಹೊರಕ್ಕೆ ತಳ್ಳುತ್ತಲೇ ಇರುವ ಕೆಲವು ಜಾಗಗಳಿವೆ. ಅಲ್ಲಿ ಚಳಿಗಾಲವಿಡೀ ಹೊಸ ಹಿಮ ಕಟ್ಟುತ್ತಲೇ ಇರುತ್ತದೆ, ಕಟ್ಟುವಾಗ ಉಪ್ಪನ್ನು ಹೊರಕ್ಕೆ ಬಿಡುತ್ತದೆ, ಆ ಉಪ್ಪಿನಿಂದ ಭಾರವಾದ ನೀರು ತಳಕ್ಕಿಳಿದು ಜಗತ್ತಿನ ಸಾಗರಗಳ ಬುಡದಲ್ಲಿ ಹರಡಿಕೊಳ್ಳುತ್ತದೆ. ವೆಡೆಲ್ ಸಮುದ್ರ, ರಾಸ್ ಸಮುದ್ರ, ಅಡೇಲಿ ತೀರಗಳು ಇಂಥ ನೀರಿನ ಉಗಮಸ್ಥಾನಗಳೆಂದು ಬಹಳ ಹಿಂದೆಯೇ ಗೊತ್ತಿತ್ತು. ಅಂಟಾರ್ಕ್ಟಿಕದಲ್ಲಿ ನಮ್ಮ ಭಾರತಿ ಸಂಶೋಧನಾ ನೆಲೆಯಿರುವ ಪ್ರಿಡ್ಜ್ ಕೊಲ್ಲಿಯ ಪಶ್ಚಿಮಕ್ಕಿರುವ ಕೇಪ್ ಡಾರ್ನ್ಲಿ ಕೂಡ ಅಂಥದೊಂದು ಸ್ಥಾನವೆಂದು ಜಪಾನಿನ ತಂಡ 2013ರಲ್ಲಷ್ಟೇ ಪ್ರಕಟಿಸಿತು.

ನಮಗೆ ಬೇಕಾದ ಬದಲಾವಣೆ ಎಷ್ಟು ಸೂಕ್ಷ್ಮ ಎಂಬುದಕ್ಕೆ ರಾಸ್ ಸಮುದ್ರವೇ ಉದಾಹರಣೆ. ಅಲ್ಲಿನ ತೀರದಂಚಿನ ನೀರಿನ ಲವಣಾಂಶ (ಒಂದು ಕಿಲೋ ನೀರಿನಲ್ಲಿರುವ ಉಪ್ಪಿನ ಗ್ರಾಂ ಲೆಕ್ಕ) ಸುಮಾರು 34.8 ಇದ್ದದ್ದು ದಶಕಕ್ಕೆ 0.03ರಷ್ಟು ಇಳಿಯುತ್ತ ಬಂತು. 2014ರ ನಂತರ ಮತ್ತೆ ಏರಿತು. ಇಷ್ಟನ್ನು ಗುರುತಿಸಲು 0.002ರವರೆಗೆ ನಂಬಬಹುದಾದ ಅಳತೆ ಬೇಕು. ಅದು ಉಪಕರಣವನ್ನು ನೀರಿಗಿಳಿಸಿದ ಮಾತ್ರಕ್ಕೆ ಸಿಗುವುದಿಲ್ಲ. ನೀರಿನ ಉಪ್ಪು, ಉಷ್ಣತೆ, ಆಳಗಳನ್ನು ಅಳೆಯುವ ಸಿಟಿಡಿ ಎಂಬ ಸಂವೇದಕದ ಸುತ್ತ 24 ಬಾಟಲಿಗಳನ್ನು ಜೋಡಿಸಿದ ಚೌಕಟ್ಟು 4,000 ಮೀಟರ್ ಆಳಕ್ಕೆ ಹೋಗಿ ಬರಲು, ಅದನ್ನು ಇಳಿಸಿ ಎತ್ತುವ ವಿಂಚ್ ಯಂತ್ರ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ತಿರುಗಿದರೂ, ಬಾಟಲಿ ಮುಚ್ಚಲು ನಿಲ್ಲುವ ಹೊತ್ತೂ ಸೇರಿ ಮೂರು ಗಂಟೆಯಾದರೂ ಹಿಡಿಯುತ್ತದೆ. ಮೇಲೆ ಬಂದೊಡನೆ ಅದನ್ನು ಬೆಚ್ಚಗಿನ ಕೋಣೆಗೆ ಸೇರಿಸದಿದ್ದರೆ ಸಂವೇದಕದ ಗಾಜಿನ ನಳಿಕೆಯಲ್ಲಿ ಉಳಿದ ನೀರು ಹೆಪ್ಪುಗಟ್ಟಿ ನಳಿಕೆಯೇ ಸೀಳುತ್ತದೆ. ನಂತರ ನೀರು ಹಿಡಿಯುವ ಸರದಿ. ಆಮ್ಲಜನಕದ ಮಾದರಿಯನ್ನು ಮೊದಲೇ ತೆಗೆಯಬೇಕು, ಏಕೆಂದರೆ ಗಾಳಿ ಸೋಕಿದರೆ ಅದು ಕೆಡುತ್ತದೆ, ಉಪ್ಪಿನದು ಕೊನೆಯಲ್ಲಿ. ಉಪ್ಪಿನ ಸೀಸೆಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಬಾಯಂಚು ಒರೆಸಿ, ಬಿರಡೆ ಹಾಕಿ, ಪ್ರಯೋಗಾಲಯದ ಉಷ್ಣತೆಗೆ ಹೊಂದಿಕೊಳ್ಳಲು ಬಿಟ್ಟು, ಉತ್ತರ ಅಟ್ಲಾಂಟಿಕ್‌ನ ನೀರಿನಿಂದ ತಯಾರಿಸಿದ ಪ್ರಮಾಣಿತ ಕಡಲನೀರಿನೊಂದಿಗೆ ಹೋಲಿಸಿ ಅಳೆಯುತ್ತೇವೆ. ಸೀಸೆಯ ಬಾಯಂಚಿನಲ್ಲಿ ಒಣಗಿದ ಒಂದು ಉಪ್ಪಿನ ಹರಳು ಸೀಸೆಯೊಳಗೆ ಬಿದ್ದರೂ ಆ ಅಂಕಿ ಕೆಲಸಕ್ಕೆ ಬಾರದು.

ಹಿರಿಯರಾದವರ ಹತ್ತು ತಿಂಗಳಲ್ಲಿ ದೊಡ್ಡ ಪಾಲು ಈ ಅಂಕಿಗಳ ಜೊತೆಗೇ ಕಳೆಯುತ್ತದೆ. ಸೀಸೆಯ ಅಳತೆಗೂ ಸಂವೇದಕದ ಅಳತೆಗೂ ಇರುವ ವ್ಯತ್ಯಾಸ ಯಾನದ ಉದ್ದಕ್ಕೂ ಹೇಗೆ ಜಾರಿತು, ಹಿಂದಿನ ವರ್ಷದ ಉಪಕರಣದೊಂದಿಗೆ ಅದು ತಾಳೆಯಾಗುತ್ತದೆಯೇ, ಬೇರೆ ದೇಶದ ಹಡಗು ಅದೇ ರೇಖೆಯಲ್ಲಿ ಅಳೆದದ್ದಕ್ಕೂ ನಮ್ಮದಕ್ಕೂ ಅಂತರವೆಷ್ಟು ಎಂದು ನೋಡಿದ ಮೇಲೆಯೇ ಸಾಗರ ಬದಲಾಗಿದೆ ಎಂಬ ಮಾತು. ಉಳಿದ ಹೊತ್ತು ವಿದ್ಯಾರ್ಥಿಗಳ ಪ್ರಬಂಧ, ಹಡಗಿನ ದಿನಗಳಿಗಾಗಿ ಬಹಳ ಮೊದಲೇ ಬರೆಯಬೇಕಾದ ಪ್ರಸ್ತಾವನೆ, ಉಪಕರಣಗಳ ಟೆಂಡರು, ಕಸ್ಟಮ್ಸ್, 2022ರ ಭಾರತೀಯ ಅಂಟಾರ್ಕ್ಟಿಕ್ ಕಾಯ್ದೆಯ ಪ್ರಕಾರ ಪಡೆಯಬೇಕಾದ ಪರವಾನಗಿ ಇತ್ಯಾದಿ. ಈ ಕಾಗದಪತ್ರದ ಕೆಲಸವನ್ನು ಯಾರೂ ಇಷ್ಟಪಟ್ಟು ಮಾಡುವುದಿಲ್ಲ ಎಂಬುದನ್ನು ಮಗಳಿಗೆ ಈಗಲೇ ತಿಳಿಸಿ.

ಓದಿನ ಬಗ್ಗೆ ಒಂದು ಮಾತು. ಭೌತಶಾಸ್ತ್ರದ ಹಿನ್ನೆಲೆ ಬಹಳ ಒಳ್ಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾಯುಮಂಡಲ ಮತ್ತು ಸಾಗರ ವಿಜ್ಞಾನದ ಕೇಂದ್ರವಿದೆ. ಕೊಚ್ಚಿ ಮತ್ತು ಆಂಧ್ರ ವಿಶ್ವವಿದ್ಯಾಲಯಗಳು ಭೌತಿಕ ಸಾಗರವಿಜ್ಞಾನಕ್ಕೆ ಹೆಸರಾದವು. ಕಡಲತಳದ ಮತ್ತು ಸರೋವರಗಳ ಕೆಸರಿನಲ್ಲಿ ಹಿಂದಿನ ಹವಾಮಾನವನ್ನು ಓದುವ ಆಸಕ್ತಿಯಿದ್ದರೆ ಮಂಗಳೂರು ವಿಶ್ವವಿದ್ಯಾಲಯದ ಸಾಗರ ಭೂವಿಜ್ಞಾನ ವಿಭಾಗವನ್ನೂ ನೋಡಬಹುದು. ಎಲ್ಲಿಗೆ ಸೇರಿದರೂ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯಲು ಮತ್ತು ದೋಷದ ಅಂದಾಜು ಕಟ್ಟಲು ಚೆನ್ನಾಗಿ ಕಲಿಯಲಿ.

ಪ್ರಶ್ನೆ: ಉಪಗ್ರಹಗಳೂ ತಾವಾಗಿಯೇ ಮುಳುಗಿ ಏಳುವ ಆರ್ಗೋ ಫ್ಲೋಟುಗಳೂ ಇರುವಾಗ ಮನುಷ್ಯರು ಹಿಮದ ಕಡಲಿಗೆ ಹೋಗುವ ಅಗತ್ಯವೇನಿದೆ?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಅಗತ್ಯ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಆರ್ಗೋ ಫ್ಲೋಟು 1,000 ಮೀಟರ್ ಆಳದಲ್ಲಿ ತೇಲುತ್ತ ಹೋಗಿ, ಹತ್ತು ದಿನಕ್ಕೊಮ್ಮೆ 2,000 ಮೀಟರಿಗಿಳಿದು, ಅಳೆಯುತ್ತ ಮೇಲೆ ಬಂದು ಉಪಗ್ರಹಕ್ಕೆ ಮಾಹಿತಿ ಕಳುಹಿಸುತ್ತದೆ. ಮೇಲೆ ಹಿಮವಿದ್ದರೆ ಅದಕ್ಕೆ ಬಡಿದು ಆಂಟೆನಾ ಮುರಿಯುತ್ತದೆ. ಆದ್ದರಿಂದ ಅಂಟಾರ್ಕ್ಟಿಕದ ಫ್ಲೋಟುಗಳಿಗೆ ಒಂದು ಉಪಾಯ ಕಲಿಸಿದ್ದಾರೆ: 50ರಿಂದ 20 ಮೀಟರ್ ನಡುವಿನ ನೀರಿನ ಉಷ್ಣತೆಯ ಮಧ್ಯಾಂಕ ಸೊನ್ನೆಗಿಂತ 1.79 ಡಿಗ್ರಿ ಕೆಳಗಿದ್ದರೆ ಮೇಲೆ ಹಿಮವಿದೆಯೆಂದು ಭಾವಿಸಿ ಅದು ಹಿಂದಕ್ಕಿಳಿಯುತ್ತದೆ, ಸಂಗ್ರಹಿಸಿದ್ದನ್ನು ಮುಂದೆಂದೋ ತೆರೆದ ನೀರು ಸಿಕ್ಕಾಗ ಕಳುಹಿಸುತ್ತದೆ. ನಿಮ್ಮ ವೃತ್ತಿಯವರು ಮೆಚ್ಚುವಂಥ ಸರಳ ತರ್ಕ. ಆದರೆ ಹಿಮದಡಿಯಲ್ಲಿ ಕಳೆದ ತಿಂಗಳುಗಳಲ್ಲಿ ಅದು ಎಲ್ಲಿತ್ತು ಎಂಬುದನ್ನು ಅಂದಾಜಿನಿಂದಲೇ ಹೇಳಬೇಕು. ಫ್ಲೋಟಿನ ಸಂವೇದಕದ ಅಳತೆ ವರ್ಷಗಳು ಕಳೆದಂತೆ ಜಾರುವುದೂ ಉಂಟು; ಅದನ್ನು ತಿದ್ದಲು ಹಡಗಿನಿಂದ ತೆಗೆದ, ಮೇಲೆ ಹೇಳಿದ ಸೀಸೆಯ ಅಳತೆಯೇ ಬೇಕು.

ಫ್ಲೋಟು ಹೋಗದ ಕಡೆ ಆನೆಸೀಲುಗಳು ಹೋಗುತ್ತವೆ. ತಲೆಗೆ ಅಂಟಿಸಿದ ಪುಟ್ಟ ಸಂವೇದಕವನ್ನು ಹೊತ್ತು ಅವು ಆಹಾರಕ್ಕಾಗಿ ಮುಳುಗಿದಾಗಲೆಲ್ಲ ಅಳತೆ ದೊರೆಯುತ್ತದೆ, ರೋಮ ಉದುರುವ ಕಾಲಕ್ಕೆ ಉಪಕರಣವೂ ಕಳಚುತ್ತದೆ. ಕೇಪ್ ಡಾರ್ನ್ಲಿಯ ಪತ್ತೆಗೆ ಸೀಲುಗಳ ಅಳತೆಯೂ ಕಡಲತಳದಲ್ಲಿ ನಿಲ್ಲಿಸಿದ ಮೂರಿಂಗುಗಳೂ ಜೊತೆಯಾಗಿ ನೆರವಾದವು.

ಮೂರಿಂಗ್ ಎಂದರೆ ತಳದ ಲಂಗರಿಗೂ ತೇಲುವ ಗೋಳಗಳಿಗೂ ನಡುವೆ, ನೀರೊಳಗೇ, ಉಪಕರಣಗಳನ್ನು ಸಾಲಾಗಿ ಕಟ್ಟಿದ ಹಗ್ಗ. ಉತ್ತರ ಧ್ರುವ ಪ್ರದೇಶದಲ್ಲಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡಿನ ಕಾಂಗ್ಸ್‌ಫ್ಯೋರ್ಡ್‌ನಲ್ಲಿ ಭಾರತ 2014ರಲ್ಲಿ ಇಳಿಸಿದ ‘ಇಂಡ್‌ಆರ್ಕ್’ ಅಂಥದೊಂದು. ಒಂದೆರಡು ವರ್ಷದ ಮಾಹಿತಿಯೆಲ್ಲ ಅದರೊಳಗೇ ಕುಳಿತಿರುತ್ತದೆ. ಹಡಗಿನಿಂದ ಶಬ್ದಸಂಕೇತ ಕೊಟ್ಟರೆ ಬುಡದ ಕೊಂಡಿ ಬಿಚ್ಚಿಕೊಂಡು ಮೇಲೆ ಬರಬೇಕು. ಹಿಮದ ಕಡಲಿನಲ್ಲಿ ಹಿರಿಯ ವಿಜ್ಞಾನಿಯ ವಿವೇಚನೆ ಕಾಣುವುದು ಇಲ್ಲಿ. ಕೊಂಡಿ ಸಂಕೇತಕ್ಕೆ ಉತ್ತರಿಸುತ್ತದೆ, ದೂರವೆಷ್ಟೆಂದು ಪರದೆಯ ಮೇಲೆ ತೋರಿಸುತ್ತದೆ. ಆದರೆ ನೆತ್ತಿಯ ಮೇಲೆ ಹಿಮದ ಹಲಗೆಗಳು ಒತ್ತೊತ್ತಾಗಿ ತೇಲುತ್ತಿರುತ್ತವೆ. ಬಿಚ್ಚಿದರೆ ಹಲಗೆಯಡಿ ಸಿಕ್ಕಿಕೊಂಡು ಅದರೊಡನೆ ಎತ್ತಲೋ ಸಾಗಿಹೋಗಬಹುದು. ಬಿಚ್ಚದೆ ಕಾಯ್ದರೆ ದಿನವೊಂದು ಕಳೆದು, ಮುಂದಿನ ಎರಡು ಮೂರು ಸಿಟಿಡಿ ನಿಲ್ದಾಣಗಳನ್ನು (ಹಡಗು ನಿಲ್ಲಿಸಿ ಅಳೆಯುವ ಜಾಗಗಳನ್ನು) ಕೈಬಿಡಬೇಕಾಗುತ್ತದೆ, ಆ ನಿಲ್ದಾಣಗಳನ್ನು ನೆಚ್ಚಿಕೊಂಡ ವಿದ್ಯಾರ್ಥಿಯೊಬ್ಬರು ಅದೇ ಹಡಗಿನಲ್ಲಿರುತ್ತಾರೆ. ಹಾಗೆಯೇ ಬಿಟ್ಟು ಬಂದರೆ ಮುಂದಿನ ವರ್ಷ ಬ್ಯಾಟರಿ ಉಳಿದಿರುತ್ತದೆಯೆಂಬ ಖಾತ್ರಿಯಿಲ್ಲ. ಗಾಳಿಯ ಮುನ್ಸೂಚನೆ, ಉಪಗ್ರಹದ ಹಿಮನಕ್ಷೆ, ಕಪ್ತಾನರ ಅಭಿಪ್ರಾಯ ಮೂರನ್ನೂ ಮುಂದಿಟ್ಟುಕೊಂಡು ಯಾರಾದರೂ ಒಬ್ಬರು ನಿರ್ಧರಿಸಲೇಬೇಕು. ಹಲವು ಸಂದರ್ಭಗಳಲ್ಲಿ ಸರಿಯಾದ ನಿರ್ಧಾರ ಕಾಯುವುದೇ ಆಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಬಿಟ್ಟ ನಿಲ್ದಾಣವನ್ನು ಇನ್ನೊಂದು ಯಾನದಲ್ಲಿ ಅಳೆಯಬಹುದು, ಕಳೆದುಹೋದ ಚಳಿಗಾಲದ ದಾಖಲೆಯನ್ನು ಮತ್ತೆ ಪಡೆಯಲಾಗದು.

ಪ್ರಶ್ನೆ: ಉಷ್ಣವಲಯದ ದೇಶಕ್ಕೆ ಧ್ರುವದ ಕಡಲೇಕೆ ಎಂದು ಮಕ್ಕಳು ಕೇಳುತ್ತಾರೆ. ನಮ್ಮ ಊರಿನ ಕಡಲ್ಕೊರೆತಕ್ಕೂ ಅಂಟಾರ್ಕ್ಟಿಕಕ್ಕೂ ಸಂಬಂಧವಿದೆಯೇ?
– ಪ್ರೌಢಶಾಲಾ ಶಿಕ್ಷಕರು, ಉಳ್ಳಾಲ

ಉತ್ತರ: ಅರಬ್ಬಿ ಸಮುದ್ರದ ತಳದಲ್ಲಿ, ಮೂರೂವರೆ ಸಾವಿರ ಮೀಟರ್ ಆಳದಲ್ಲಿ, ನೀರಿನ ಉಷ್ಣತೆ 2 ಡಿಗ್ರಿಯ ಆಸುಪಾಸಿನಲ್ಲಿದೆ ಎಂದು ಮಕ್ಕಳಿಗೆ ಹೇಳಿ. ಉತ್ತರದಲ್ಲಿ ಏಷ್ಯಾ ಖಂಡ ಅಡ್ಡವಿರುವುದರಿಂದ ಹಿಂದೂ ಮಹಾಸಾಗರದಲ್ಲಿ ಅಷ್ಟು ತಣ್ಣಗಿನ ನೀರು ಹುಟ್ಟಲು ಜಾಗವೇ ಇಲ್ಲ. ಅದು ದಕ್ಷಿಣದಿಂದಲೇ ಬಂದದ್ದು. ಮೇಲಾಗಿ ಮನುಷ್ಯರು ಹೊರಬಿಟ್ಟ ಇಂಗಾಲದಲ್ಲಿ ಸಾಗರಗಳು ಹೀರಿಕೊಂಡ ಪಾಲಿನ ಸುಮಾರು 40 ಪ್ರತಿಶತ ಸೇರಿರುವುದು ದಕ್ಷಿಣ ಮಹಾಸಾಗರದ ಮೂಲಕ.

ಅಂಟಾರ್ಕ್ಟಿಕದ ನೆಲದ ಮೇಲಿರುವ ಹಿಮವೆಲ್ಲ ಕರಗಿದರೆ ಸಮುದ್ರಮಟ್ಟ ಸುಮಾರು 58 ಮೀಟರ್ ಏರೀತು. ಅದು ಶತಮಾನಗಳಲ್ಲಿ ಆಗುವಂಥದಲ್ಲ. ನಮ್ಮ ಕಾಲದ ಚಿಂತೆ ಪಶ್ಚಿಮ ಅಂಟಾರ್ಕ್ಟಿಕದ ಥ್ವೇಟ್ಸ್‌ನಂಥ ಹಿಮನದಿಗಳದು. ಅವುಗಳ ತೇಲುವ ಅಂಚಿನಡಿಗೆ ಆಳದ ಬೆಚ್ಚಗಿನ ನೀರು ನುಗ್ಗಿ ಬುಡವನ್ನು ಕರಗಿಸುತ್ತಿದೆ. ಬೆಚ್ಚಗೆ ಎಂದರೆ ಸೊನ್ನೆಗಿಂತ ಒಂದು ಡಿಗ್ರಿಯಷ್ಟು ಮೇಲೆ, ಅಷ್ಟೇ ಸಾಕು. ಹಿಮರಾಶಿ ಕುಗ್ಗಿದಾಗ ಅದರ ಗುರುತ್ವದ ಸೆಳೆತವೂ ಕುಗ್ಗಿ, ಹತ್ತಿರದ ಕಡಲು ಇಳಿದು, ದೂರದ ತೀರಗಳಲ್ಲಿ ನೀರು ಸರಾಸರಿಗಿಂತ ಹೆಚ್ಚು ಏರುತ್ತದೆ. ಆದರೆ ಉಳ್ಳಾಲದ ಕೊರೆತಕ್ಕೆ ಥ್ವೇಟ್ಸೇ ಕಾರಣವೆಂದು ಹೇಳಿಕೊಡಬೇಡಿ. ಮಳೆಗಾಲದ ಅಲೆಗಳು, ಮರಳಿನ ಸಾಗಣೆ, ಬಂದರಿನ ತಡೆಗೋಡೆಗಳು ಅಲ್ಲಿ ಹತ್ತಿರದ ಕಾರಣಗಳು. ಧ್ರುವದ ಹಿಮ ಮತ್ತು ಮುಂಗಾರಿನ ನಂಟಿನ ಬಗ್ಗೆಯೂ ಪತ್ರಿಕೆಗಳು ಅವಸರಪಡುತ್ತವೆ. ಅಂಕಿಅಂಶಗಳಲ್ಲಿ ಸಂಬಂಧ ಕಂಡಿದೆ, ಅದು ನಡೆಯುವ ಬಗೆ ಇನ್ನೂ ಚರ್ಚೆಯಲ್ಲಿದೆ.

ಪ್ರಶ್ನೆ: ಹೆಣ್ಣುಮಕ್ಕಳನ್ನು ಇಂಥ ಯಾನಗಳಿಗೆ ಕಳುಹಿಸುತ್ತಾರೆಯೇ? ನನಗೆ ಬಸ್ಸಿನಲ್ಲೇ ವಾಂತಿಯಾಗುತ್ತದೆ.
– ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: 1983–84ರಷ್ಟು ಹಿಂದೆಯೇ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ ಅವರೊಂದಿಗೆ ಅದಿತಿ ಪಂತ್ ಅಂಟಾರ್ಕ್ಟಿಕಕ್ಕೆ ಹೋಗಿದ್ದರು, ಅದಿತಿಯವರು ಸಾಗರವಿಜ್ಞಾನಿಯೇ. ಈಗ ಅದು ಸುದ್ದಿಯಾಗುವ ವಿಷಯವಲ್ಲ. ಹೊರಡುವ ಮೊದಲು ಎಲ್ಲರಿಗೂ ಕಟ್ಟುನಿಟ್ಟಾದ ವೈದ್ಯಕೀಯ ತಪಾಸಣೆ ಇರುತ್ತದೆ, ಅಂಟಾರ್ಕ್ಟಿಕಕ್ಕೆ ಹೋಗುವವರಿಗೆ ಉತ್ತರಾಖಂಡದ ಔಲಿಯಲ್ಲಿ ಹಿಮದ ತರಬೇತಿಯೂ ಇರುತ್ತದೆ. ವಾಂತಿಯ ವಿಷಯಕ್ಕೆ ಹೆದರಬೇಡಿ. ದಕ್ಷಿಣದ 40 ಡಿಗ್ರಿ ಅಕ್ಷಾಂಶ ದಾಟಿದ ಮೇಲೆ ಅಲೆಗಳನ್ನು ತಡೆಯುವ ನೆಲವೇ ಇಲ್ಲದ್ದರಿಂದ ಅನುಭವಿಗಳೂ ಮಲಗಿಬಿಡುತ್ತಾರೆ, ಎರಡು ಮೂರು ದಿನಗಳಲ್ಲಿ ಹೆಚ್ಚಿನವರಿಗೆ ಒಗ್ಗುತ್ತದೆ. ಮಾತ್ರೆಯನ್ನು ವೈದ್ಯರನ್ನು ಕೇಳಿ, ಹಡಗು ಬಂದರು ಬಿಡುವ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.