ಪ್ಯಾನಿಕ್ ಆದ ಬಸ್ಸನ್ನೇ ಮತ್ತೆ ಹತ್ತಬೇಕಾ?

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಎಸಿ ಬಸ್ಸಲ್ಲಿ ಪ್ಯಾನಿಕ್ ಅಟ್ಯಾಕ್ (ಇದ್ದಕ್ಕಿದ್ದಂತೆ ಬರುವ ವಿಪರೀತ ಭಯ) ಆಗುತ್ತಿದೆ, ಇಸಿಜಿ ನಾರ್ಮಲ್ ಬಂದಿದೆ, ಈಗ ಸೈಕಾಲಜಿಸ್ಟ್ ಎಕ್ಸ್‌ಪೋಶರ್ ಥೆರಪಿ (ಭಯ ಆಗುವುದನ್ನೇ ಸ್ವಲ್ಪಸ್ವಲ್ಪವಾಗಿ ಎದುರಿಸುವ ಚಿಕಿತ್ಸೆ) ಮಾಡೋಣ ಅಂದಿದ್ದಾರೆ, ಅದೇ ಬಸ್ ಮತ್ತೆ ಹತ್ತಿದರೆ ಇನ್ನೂ ಜಾಸ್ತಿ ಆಗಲ್ವಾ ಅಂತ ಕೇಳಿದ್ದೀರಿ. ಮೊದಮೊದಲು ಭಯ ಆಗೇ ಆಗುತ್ತದೆ. ಆದರೆ ಸರಿಯಾಗಿ ಮಾಡಿದರೆ ಕಾಯಿಲೆ ಕಡಿಮೆಯಾಗುವುದೂ ಆ ಭಯವನ್ನು ಎದುರಿಸಿಯೇ. ನಾನೂ ಇದೇ ಚಿಕಿತ್ಸೆ ತಗೊಂಡವನು. ಈಗ ಧಾರವಾಡದಿಂದ ಹುಬ್ಬಳ್ಳಿಗೆ ಕೆಲಸಕ್ಕೆ ಅದೇ ಬಸ್ಸಲ್ಲಿ ಓಡಾಡುತ್ತೇನೆ.

ಚಿಗರಿಯಲ್ಲೇ ಯಾಕೆ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಗಾಜು ಮುಚ್ಚಿರುತ್ತದೆ, ಬಾಗಿಲು ತೆಗೆಯುವುದು ಸ್ಟೇಷನ್‌ನಲ್ಲಿ ಮಾತ್ರ, ನಡುವೆ ಇಳೀತೀನಿ ಅಂದರೆ ಆಗಲ್ಲ. ಎದೆ ಡವಡವ ಅನ್ನುತ್ತದೆ, ಉಣಕಲ್ ಸ್ಟೇಷನ್ ಬಂದ ಕೂಡಲೇ ಇಳಿದುಬಿಡುತ್ತೀರಿ, ಹಾಯೆನಿಸುತ್ತದೆ, ಅಲ್ವಾ? ತೊಂದರೆ ಇರುವುದು ಅಲ್ಲೇ. ಇಳಿದಿದ್ದಕ್ಕೇ ಉಳಿದೆ ಅಂತ ಮನಸ್ಸು ನಂಬಿಬಿಡುತ್ತದೆ. ಪ್ಯಾನಿಕ್ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ತಾನಾಗೇ ಇಳಿಯುತ್ತದೆ, ಆದರೆ ಅದು ಇಳಿಯುವುದನ್ನು ನೋಡಲು ನೀವು ಬಸ್ಸಲ್ಲಿ ಇರುವುದೇ ಇಲ್ಲ. ಹಾಗಾಗಿ ಇವತ್ತು ಬಸ್ ಬೇಡ, ನಾಳೆ ಲಿಫ್ಟ್ ಬೇಡ, ಆಮೇಲೆ ಹುಬ್ಬಳ್ಳಿಯ ದುರ್ಗದ ಬೈಲ್ ಮಾರ್ಕೆಟ್ಟಿನ ಗದ್ದಲ ಬೇಡ, ಮದುವೆ ಮನೆ ಬೇಡ.

ಇನ್ನೊಂದು ಮಾತು. ಮೊದಲ ದಿನವೇ ಯಾರೂ ನಿಮ್ಮನ್ನು ಬಸ್ಸಿಗೆ ತಳ್ಳುವುದಿಲ್ಲ. ಬಹಳ ಸಲ ಶುರುವಾಗುವುದು ಸೈಕಾಲಜಿಸ್ಟ್ ರೂಮಿನಲ್ಲೇ, ಯಾಕಂದರೆ ನಿಜವಾದ ಭಯ ಬಸ್ಸಿನದಲ್ಲ, ಮೈಯೊಳಗೆ ಆಗುವುದರದು. ತಿರುಗೋ ಕುರ್ಚಿಯಲ್ಲಿ ಗಿರಗಿರ ತಿರುಗಿಸುತ್ತಾರೆ, ಮೆಟ್ಟಿಲು ಓಡಿ ಹತ್ತಿಸುತ್ತಾರೆ, ಸಣ್ಣ ಸ್ಟ್ರಾದಲ್ಲಿ ಉಸಿರಾಡಿಸುತ್ತಾರೆ. ನನಗೆ ಮಾಡಿಸಿದ್ದು ಒಂದು ನಿಮಿಷ ಜೋರಾಗಿ, ಬೇಗಬೇಗ ಉಸಿರಾಡುವುದು. ಬೆರಳು ಜುಮುಜುಮು ಅಂದವು, ತುಟಿ ಮರಗಟ್ಟಿದ ಹಾಗಾಯಿತು, ತಲೆ ಹಗುರಾಯಿತು. ಹಾರ್ಟ್ ಅಟ್ಯಾಕ್ ಅಂತ ಹೆದರಿ ರಾತ್ರಿ ಆಸ್ಪತ್ರೆಗೆ ಓಡಿದ್ದೆನಲ್ಲ, ಥೇಟ್ ಅದೇ! "ಈಗ ಏನಾಗುತ್ತೆ ಅನಿಸ್ತಿದೆ?" ಅಂದರು. "ಬೀಳ್ತೀನಿ ಮೇಡಮ್" ಅಂದೆ. "ಹಾಗಾದ್ರೆ ಎದ್ದು ನಿಂತ್ಕೊಳ್ಳಿ" ಅಂದರು. ಗೋಡೆ ಹಿಡಿಯದೆ ನಿಂತೆ. ಬೀಳಲಿಲ್ಲ. ಬೇಗಬೇಗ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಹೀಗಾಗುತ್ತದೆ, ಎಚ್ಚರ ತಪ್ಪುವುದು ಸಾಮಾನ್ಯವಾಗಿ ಬಿಪಿ ಕುಸಿದಾಗ, ಪ್ಯಾನಿಕ್‌ನಲ್ಲಿ ಅದು ಏರಿರುತ್ತದೆ ಅಂತ ಆಮೇಲೆ ತಿಳಿಸಿ ಹೇಳಿದರು. ಆದರೆ ನನ್ನ ಮೈ ನಂಬಿದ್ದು ಆ ಮಾತನ್ನಲ್ಲ, ನಿಂತಿದ್ದನ್ನು.

ಆಸ್ತಮಾ, ಹೃದಯದ ತೊಂದರೆ, ಫಿಟ್ಸ್ ಇದ್ದರೆ ಅಥವಾ ಬಸುರಿಯಾಗಿದ್ದರೆ ಇವನ್ನು ಮಾಡುವ ಮೊದಲೇ ಹೇಳಿ. ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡಬೇಡಿ.

ಬಸ್ಸಿನ ಸರದಿ ಆಮೇಲೆ. ಮಧ್ಯಾಹ್ನ ಬಸ್ ಖಾಲಿ ಇದ್ದಾಗ ಒಂದೇ ಸ್ಟೇಷನ್, ಜೊತೆಗೆ ಯಾರಾದರೂ. ಆಮೇಲೆ ಒಬ್ಬರೇ, ದೂರ. ಕೊನೆಗೆ ಬೆಳಗ್ಗೆ ಆಫೀಸ್ ಟೈಮಿನ ರಶ್‌ನಲ್ಲಿ ನಿಂತುಕೊಂಡು. ಭಯ ಏರುತ್ತಿರುವಾಗ ಮಾತ್ರ ಇಳಿಯಬೇಡಿ, ಎಲ್ಲಿಗೆ ಅಂತ ಹೊರಟಿದ್ದೀರೋ ಅಲ್ಲಿವರೆಗೆ ಕೂತಿರಿ. ಕೈಯಲ್ಲಿ ನೀರಿನ ಬಾಟಲಿ, ಜೇಬಲ್ಲಿ ಗುಳಿಗೆ, ಕಿವಿಗೆ ಫೋನ್, ಇವನ್ನೂ ಒಂದೊಂದಾಗಿ ಬಿಡಿಸುತ್ತಾರೆ, ಇಲ್ಲದಿದ್ದರೆ ಬಾಟಲಿಯಿಂದಲೇ ಬದುಕಿದೆ ಅನಿಸುತ್ತದೆ. ಆದರೆ ದಿನಾ ತಗೊಳ್ಳುವ ಗುಳಿಗೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ, ದಯವಿಟ್ಟು. ಒಂದು ವಾರ ಚೆನ್ನಾಗಿ ಹೋಗಿ ಮುಂದಿನ ವಾರ ಮತ್ತೆ ಎದೆ ಹೊಡೆದುಕೊಂಡರೆ ಚಿಕಿತ್ಸೆ ಕೆಟ್ಟಿತು ಅಂದುಕೊಳ್ಳಬೇಡಿ, ಬಹಳ ಜನರಿಗೆ ಹಾಗೇ ಆಗುತ್ತದೆ.

ಖಾಸಗಿ ಫೀಸು ಭಾರ ಅನಿಸಿದರೆ ಧಾರವಾಡದ ಡಿಮ್ಹಾನ್ಸ್ ಇದೆ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ಹುಚ್ಚರ ಆಸ್ಪತ್ರೆ ಅಂತ ಯಾರಾದರೂ ಅಂದರೆ ಅನ್ನಲಿ, ಸುಮ್ನೆ ಹೋಗಿ. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.